ದಾಖಲೆಯಲ್ಲಿ ಅಕ್ಕನಾದ ತಂಗಿ

ನನ್ನ ತಂಗಿ ನನಗಿಂತ ಒಂದು ವರ್ಷ ದೊಡ್ಡವಳು. ಈ ವಾಕ್ಯದಲ್ಲಿ ಮುದ್ರಣದೋಷವಿಲ್ಲ. ಅವಳ ಆಧಾರ್ ಕಾರ್ಡು, ನನ್ನ ಆಧಾರ್ ಕಾರ್ಡು, ಇಬ್ಬರ ಮತದಾರರ ಚೀಟಿಗಳು, ಇಷ್ಟನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಹರಡಿ, ಎರಡು ಸಲ ಹೋಲಿಸಿ ನೋಡಿದ ನಂತರವೇ ಹೀಗೆ ಬರೆದಿದ್ದೇನೆ. ಅವಳು ನನಗಿಂತ ಒಂದು ವರ್ಷ ಹತ್ತು ತಿಂಗಳು ಚಿಕ್ಕವಳು ಎಂಬುದೂ ಅಷ್ಟೇ ಸತ್ಯ. ಅವಳನ್ನು ತೊಟ್ಟಿಲಿಗೆ ಹಾಕಿದ ದಿನ ಆ ತೊಟ್ಟಿಲಿನಲ್ಲಿ ಆಗಲೇ ನಾನು ಮಲಗಿದ್ದೆನೆಂದೂ, ಎತ್ತಿ ಕೆಳಗಿಳಿಸಿದ್ದಕ್ಕೆ ಸಂಜೆಯವರೆಗೆ ಅತ್ತೆನೆಂದೂ ನಮ್ಮ ತಾಯಿ ಹೇಳುತ್ತಿದ್ದರು.

ನನ್ನ ವೃತ್ತಿಜೀವನವೆಲ್ಲ ಕಲ್ಲುಬರಹಗಳ ಕಾಲನಿರ್ಣಯದಲ್ಲಿ ಕಳೆಯಿತು. ಮಾಗಡಿಯ ಹೊಲಗಳಲ್ಲಿ, ಚನ್ನಪಟ್ಟಣದ ಕೆರೆಯಂಗಳಗಳಲ್ಲಿ, ಬಟ್ಟೆ ಒಗೆಯುವ ಕಲ್ಲುಗಳನ್ನು ಮಗುಚಿ ಹಾಕಿ ಓದಿದ್ದೇನೆ. ಕೊರೆದವನು ವಾರವನ್ನು ಹೇಳಿದ್ದರೆ ಅದು ತಿಥಿಗೆ ಹೊಂದುತ್ತದೆಯೇ, ತಿಥಿ ಸಂವತ್ಸರಕ್ಕೆ ಹೊಂದುತ್ತದೆಯೇ ಎಂದು ಲೆಕ್ಕ ಹಾಕಿ, ಹೊಂದದಿದ್ದರೆ ಕಲ್ಲನ್ನೇ ಸಂಶಯಿಸುವುದು ನನ್ನ ಕೆಲಸವಾಗಿತ್ತು. ಅಂಥವನ ಬರಹದಲ್ಲಿ ಒಂದಾದರೂ ಇಸವಿ ಇರಬೇಕಿತ್ತು. ಆದರೆ ಇದನ್ನು ನನ್ನ ತಂಗಿ ಓದುತ್ತಾಳೆ, ಅವಳ ಬೀಗಿತ್ತಿ ಓದಿಸಿ ಕೇಳುತ್ತಾರೆ. ಇಬ್ಬರಲ್ಲಿ ಯಾರ ಕೈಗೂ ನಾನಾಗಿ ಇಸವಿ ಕೊಡಲು ಈಗ ಸಿದ್ಧನಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಕನಕಪುರದ ಕಡೆಯ ನಮ್ಮ ಹುಟ್ಟೂರಿನಲ್ಲಿ ಆಗ ಜನನ ಪತ್ರವೆಂಬುದನ್ನು ಯಾರೂ ಕಂಡಿರಲಿಲ್ಲ. ಮಗುವಿಗೆ ಶಾಲೆ ಸೇರುವ ವಯಸ್ಸಾಗಿದೆಯೇ ಎಂದು ತಿಳಿಯಲು ಹೆಡ್ಮಾಸ್ತರರು ಒಂದು ಪರೀಕ್ಷೆ ನಡೆಸುತ್ತಿದ್ದರು. ಬಲಗೈಯನ್ನು ನೆತ್ತಿಯ ಮೇಲಿನಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದ ಮಗುವಿಗೆ ಆರು ವರ್ಷ. ಮುಟ್ಟದ ಮಗುವಿಗೆ ಇನ್ನೂ ಆಗಿಲ್ಲ. ಮುಟ್ಟಿದವರೆಲ್ಲರ ಜನ್ಮದಿನವನ್ನೂ ಜೂನ್ ಒಂದು ಎಂದು ಬರೆದು, ಇಸವಿಯ ಜಾಗದಲ್ಲಿ ಆರು ಕಳೆದು ಹಾಕುತ್ತಿದ್ದರು. ಪಂಚಾಂಗಕ್ಕಿಂತ ತೋಳನ್ನು ನಂಬುವ ಈ ಕ್ರಮದಲ್ಲಿ ಒಂದು ಕೊರತೆಯಿತ್ತು. ಅದು ತಲೆಯ ಗಾತ್ರವನ್ನು ಗಣನೆಗೆ ತೆಗೆದುಕೊಳ್ಳುತ್ತಿರಲಿಲ್ಲ.

ನನ್ನದು ದೊಡ್ಡ ತಲೆ. ಮೊದಲನೆಯ ವರ್ಷ ನನ್ನ ಬೆರಳು ಕಿವಿಯ ಮೇಲಿನ ಕೂದಲಿನಲ್ಲೇ ನಿಂತಿತು. ಎರಡನೆಯ ವರ್ಷ ನಾನು ಏಳು ತುಂಬಿದವನು. ಆಗಲೂ ಸ್ವಲ್ಪದರಲ್ಲಿ ತಪ್ಪಿತು. ಅಂದು ತಾಯಿ ನನ್ನ ತಂಗಿಯನ್ನೂ ಜೊತೆಗೆ ಕರೆತಂದಿದ್ದರು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು. ಐದು ದಾಟಿ ನಾಲ್ಕೇ ತಿಂಗಳಾಗಿದ್ದ ಅವಳು, ಯಾರೂ ಕೇಳದಿದ್ದರೂ, ನನ್ನ ಅವಸ್ಥೆಯನ್ನು ಕಂಡು ತಾನೂ ಕೈ ಹಾಯಿಸಿ ಕಿವಿಯನ್ನು ಹಿಡಿದಳು. ಮುಟ್ಟಿದ್ದು ಮಾತ್ರವಲ್ಲ, ಹಿಡಿದು ಎಳೆದಳು. ಹೆಡ್ಮಾಸ್ತರರು ಅವಳನ್ನು ಸೇರಿಸಿಕೊಂಡು ನನ್ನನ್ನು ಮನೆಗೆ ಕಳಿಸಿದರು. ತಾಯಿ ಆಕ್ಷೇಪಿಸಿದಾಗ ಅವರು ಹೇಳಿದ ಮಾತು ನಮ್ಮ ಮನೆಯಲ್ಲಿ ಬಹಳ ಕಾಲ ಉಳಿಯಿತು: "ನಾನೇನ್ ಮಾಡ್ಲವ್ವ, ಕೈ ಯೋಳ್ತಾ ಐತೆ."

ಮುಂದಿನ ವರ್ಷ ಕತ್ತನ್ನು ಭುಜಕ್ಕೆ ವಾಲಿಸಿ ನಾನು ಕಿವಿಯನ್ನು ತಲುಪಿದೆ. ನನಗೆ ಆರು ವರ್ಷವಾಯಿತು. ಹೀಗೆ ದಾಖಲೆಯಲ್ಲಿ ತಂಗಿ ಎಂಟು ತಿಂಗಳು ಹೆಚ್ಚಿಸಿಕೊಂಡಳು, ನಾನು ಎರಡು ವರ್ಷ ಎರಡು ತಿಂಗಳು ಕಳೆದುಕೊಂಡೆ. ಶಾಲೆಯ ದಾಖಲೆಯಿಂದ ಮುಂದಿನ ಎಲ್ಲ ಕಾಗದಗಳಿಗೂ ಇದೇ ಲೆಕ್ಕ ಇಳಿದು ಬಂತು.

ಆರೇಳು ದಶಕ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆ ಬಂದದ್ದು ಈಚೆಗೆ, ಹಿರಿಯ ನಾಗರಿಕರ ಜಿಲ್ಲಾ ಮಟ್ಟದ ಕ್ರೀಡಾಕೂಟದಿಂದ.

ತಂಗಿಯನ್ನು ಕೊಟ್ಟದ್ದು ಕೈಲಾಂಚಕ್ಕೆ. ಹಿಪ್ಪುನೇರಳೆ ತೋಟ, ನಾಲ್ಕು ಹಸು, ಮಗ, ಸೊಸೆ, ಒಬ್ಬಳು ಮೊಮ್ಮಗಳು. ಸೊಸೆಯ ತಾಯಿ, ಎಂದರೆ ನಮ್ಮ ಬೀಗಿತ್ತಿ, ಮಾಗಡಿ ತಾಲ್ಲೂಕಿನ ಕಲ್ಯದವರು. ಹಿಂದಿನ ವರ್ಷದ ಕೂಟದಲ್ಲಿ ಎಪ್ಪತ್ತರಿಂದ ಎಂಬತ್ತರವರೆಗಿನ ಮಹಿಳೆಯರ ವೇಗದ ನಡಿಗೆಯಲ್ಲಿ ಅವರಿಗೆ ಮೊದಲ ಸ್ಥಾನ ಬಂದಿತ್ತು. ಪದಕವನ್ನು ಮನೆಯಲ್ಲಿಟ್ಟು ಬರುವುದು ಅವರಿಗೆ ಒಗ್ಗದು. ಮೊಮ್ಮಗಳನ್ನು ನೋಡಲು ಬಂದಾಗಲೆಲ್ಲ ಎಲೆ ಅಡಿಕೆಯ ಚೀಲದಿಂದ ತೆಗೆದು ಮಗುವಿನ ಕೊರಳಿಗೆ ಹಾಕುತ್ತಾರೆ, ಹೊರಡುವಾಗ ಮತ್ತೆ ಬಿಚ್ಚಿಕೊಳ್ಳುತ್ತಾರೆ. ಹಾಕುವಾಗಲೊಮ್ಮೆ, ಬಿಚ್ಚುವಾಗಲೊಮ್ಮೆ ನನ್ನ ತಂಗಿಯ ಕಡೆ ನೋಡುತ್ತಾರೆ.

ಒಂದು ಬೆಳಿಗ್ಗೆ ತಂಗಿ ರಾಮನಗರದ ನಮ್ಮ ಮನೆಗೆ ಬಂದು, ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಮುಟ್ಟದೆ ಹೇಳಿದಳು:

"ಅಣ್ಣ, ಈ ಸಲ ನಾನು ನಡೀತೀನಿ. ಆಯಮ್ಮನ್ನ ಹಿಂದಕ್ ಹಾಕ್ಲಿಲ್ಲ ಅಂದ್ರೆ ನಂಗೆ ತಿಂದನ್ನ ಅರಗಾಕಿಲ್ಲ."

"ನಿನಗೆ ಎಪ್ಪತ್ತಾಗಿಲ್ಲವಲ್ಲ."

"ಕಾರ್ಡ್‌ನಾಗೆ ಆಗೈತೆ."

"ಕಾರ್ಡು ತಪ್ಪು."

"ತಪ್ಪೋ ಒಪ್ಪೋ, ಗೌರ್ಮೆಂಟ್‌ನೋರೇ ಕೊಟ್ಟವ್ರೆ. ನಾನೇನ್ ಮನೇಲಿ ಮಾಡ್ಕಂಡಿದ್ನಾ? ನೀನು ಸುಮ್ಕೆ ಬಂದು ಒಂದು ಸೈನ್ ಹಾಕ್ಬುಡು."

ಪ್ರತಿ ಸ್ಪರ್ಧಿಯ ಜೊತೆಗೆ ಮನೆಯವರೊಬ್ಬರು ಬಂದು ತಮ್ಮ ಕಾರ್ಡು ತೋರಿಸಿ, ಏನಾದರೂ ಆದರೆ ನೋಡಿಕೊಳ್ಳುತ್ತೇವೆಂದು ಸಹಿ ಹಾಕಬೇಕಿತ್ತು. ಮಗನಿಗೆ ಅಂದು ರೇಷ್ಮೆಗೂಡು ಮಾರಲು ಮಾರುಕಟ್ಟೆಗೆ ಹೋಗಬೇಕು. ಸೊಸೆಯನ್ನು ಕರೆದರೆ ಅವಳು ತಾಯಿಯ ಪಕ್ಷವೋ ಅತ್ತೆಯ ಪಕ್ಷವೋ ಹೇಳಲಾಗದು. ಹಾಗಾಗಿ ನಾನು.

ಅಂದಿನಿಂದ ಅವಳು ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಹೊತ್ತು ತೋಟದ ಬದುವಿನ ಮೇಲೆ ಅಭ್ಯಾಸ ಮಾಡಿದಳೆಂದು ತಿಳಿಯಿತು. ಹೊರೆಯಿಲ್ಲದೆ ನಡೆದರೆ ಕೈ ಎಲ್ಲಿಡಬೇಕೆಂದು ಗೊತ್ತಾಗುವುದಿಲ್ಲವಂತೆ.

ಕೂಟದ ದಿನ ಮೈದಾನದ ಬಾಗಿಲಲ್ಲಿ ಒಂದು ಮೇಜು, ಮೇಜಿನ ಹಿಂದೆ ಇಲಾಖೆಯ ಒಬ್ಬ ಯುವತಿ, ಮುಂದೆ ಉದ್ದದ ಸಾಲು. ಅವಳು ಒಂದೊಂದೇ ಕಾರ್ಡನ್ನು ನೋಡಿ ಹುಟ್ಟಿದ ದಿನವನ್ನು ಬರೆದುಕೊಳ್ಳುತ್ತಿದ್ದಳು. ಹತ್ತು ಹದಿನೈದು ಜನರಾದ ಮೇಲೆ ಪೆನ್ನು ಕೆಳಗಿಟ್ಟಳು.

"ಏನ್ ತಾತ, ಎಲ್ಲರದೂ ಜೂನ್ ಒಂದೇ ಇದೆಯಲ್ಲ. ನಿಮ್ಮ ಕಾಲದಲ್ಲಿ ಬೇರೆ ದಿನ ಯಾರೂ ಹುಟ್ತಾನೇ ಇರ್ಲಿಲ್ವಾ?"

ಸಾಲಿನಲ್ಲಿದ್ದ ಕೆಂಪು ಟವಲಿನ ಹಿರಿಯರೊಬ್ಬರು, "ಮಿಕ್ಕಿದ್ ದಿನ ಕೆಲ್ಸ ಇರ್ತಿತ್ತು ಕಣವ್ವ" ಎಂದರು.

ತಂಗಿಯ ಸರದಿ ಬಂತು. ಯುವತಿ ಕಾರ್ಡಿನ ಚಿತ್ರವನ್ನು ನೋಡಿದಳು, ತಂಗಿಯ ಮುಖವನ್ನು ನೋಡಿದಳು, ಮತ್ತೆ ಚಿತ್ರವನ್ನು ನೋಡಿದಳು. ಆ ಚಿತ್ರ ತೆಗೆದ ದಿನ ತಂಗಿ ಸೊಪ್ಪು ಕೊಯ್ದು ನೇರವಾಗಿ ಹೋಗಿದ್ದಳು. ಕ್ಯಾಮೆರಾದವನು ಅಲುಗಾಡಬೇಡಿ ಎಂದದ್ದನ್ನು ಉಸಿರು ಬಿಡಬೇಡಿ ಎಂಬಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಳು.

"ಇದು ನೀವೇನಾ ಅಜ್ಜಿ?"

"ಅವತ್ತೂ ನಾನೇ, ಇವತ್ತೂ ನಾನೇ. ಮಧ್ಯ ಫೋಟೋ ಒಂದು ಬೇರೆಯೋರ್ದು ಬಂದ್ಬುಟ್ಟೈತೆ."

ಯುವತಿ ನಕ್ಕು ನಮೂನೆಯನ್ನು ನನ್ನ ಕಡೆ ತಿರುಗಿಸಿದಳು. ಸಹಿಯ ಪಕ್ಕದಲ್ಲಿ 'ಸ್ಪರ್ಧಿಗೆ ಇರುವ ಸಂಬಂಧ' ಎಂಬ ಅಂಕಣ. ಅಣ್ಣ ಎಂದು ಬರೆದರೆ ಕಾರ್ಡಿಗೆ ವಿರುದ್ಧ, ತಮ್ಮ ಎಂದು ಬರೆದರೆ ನನ್ನ ಮನಸ್ಸಿಗೆ ವಿರುದ್ಧ. ಸ್ವಲ್ಪ ಯೋಚಿಸಿ 'ಸಹೋದರ' ಎಂದು ಬರೆದೆ. ಹಿರಿಯ ಕಿರಿಯರ ಗೊಡವೆಗೆ ಹೋಗದ ಆ ಪದವನ್ನು ಯಾರು ಬಳಕೆಗೆ ತಂದರೋ ಅವರಿಗೆ ಒಳಗೇ ನಮಸ್ಕರಿಸಿದೆ. ಎಲ್ಲವೂ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಹಿಂದೆ ಇಬ್ಬರನ್ನು ಬಿಟ್ಟು ಬೀಗಿತ್ತಿ ನಿಂತಿದ್ದರು.

"ಒಸಿ ತಡಿಯವ್ವ," ಎನ್ನುತ್ತ ಅವರು ಮುಂದೆ ಬಂದರು. "ಈಯಮ್ಮನ್ನ ಎಪ್ಪತ್ತರ ಸಾಲ್ಗೆ ಬರ್ಕತಾ ಇದ್ದೀಯಲ್ಲ, ಇವ್ರು ಈಯಮ್ಮನ ಅಣ್ಣ. ಅವ್ರ ಕಾರ್ಡ್ ನೋಡು, ಎಷ್ಟೈತೆ?"

ಯುವತಿ ನನ್ನ ಕಾರ್ಡು ನೋಡಿದಳು. "ಅರವತ್ತೊಂಬತ್ತು."

"ಅಣ್ಣಂಗೇ ಅರವತ್ತೊಂಬತ್ತು ಅಂದ್ಮೇಲೆ ತಂಗಿಗೆ ಎಪ್ಪತ್ತು ಹೆಂಗಾತು?"

ಈ ಪ್ರಶ್ನೆ ತರ್ಕಬದ್ಧವಾಗಿತ್ತೆಂದು ನಾನು ಒಪ್ಪಲೇಬೇಕು. ನನ್ನ ಸಹೋದ್ಯೋಗಿಗಳಲ್ಲಿ ಹಲವರು ಇಷ್ಟು ಚಿಕ್ಕದಾಗಿ ಇಷ್ಟು ದೊಡ್ಡ ದೋಷವನ್ನು ಎತ್ತಿ ತೋರಿಸಿದ್ದಿಲ್ಲ.

"ಕಾರ್ಡ್ ಪ್ರಕಾರ ಇವರು ಅಕ್ಕ," ಎಂದಳು ಯುವತಿ.

"ಯಾವ ಅಕ್ಕ? ನನ್ ಮಗಳ ಮದ್ವೆನಾಗೆ ಮೂರ್ ದಿನ ಅಣ್ಣ ಅಣ್ಣ ಅಂತ ಇವ್ರ ಹಿಂದೇನೇ ತಿರುಗ್ತಿದ್ಲು. ಅವ್ರನ್ನೇ ಕೇಳವ್ವ. ಮೇಷ್ಟ್ರು ಸುಳ್ಳು ಯೋಳಾಕಿಲ್ಲ."

ಓದು ಬರಹ ಇದ್ದವರೆಲ್ಲ ನಮ್ಮ ಕಡೆ ಮೇಷ್ಟ್ರೇ. ಯುವತಿ ನನ್ನ ಕಡೆ ತಿರುಗಿದಳು. "ಸಾರ್, ನೀವೇ ಹೇಳಿ. ಇವರು ನಿಮಗೆ ಅಕ್ಕನೋ, ತಂಗಿನೋ?"

ತಂಗಿ ಮೇಜಿನ ಕೆಳಗೆ ನನ್ನ ಪಾದವನ್ನು ತುಳಿದಳು. ಅವಳ ಎರಡು ತಿಂಗಳ ಅಭ್ಯಾಸ, ಮಗುವಿನ ಕೊರಳಿನಿಂದ ಬಿಚ್ಚಿಕೊಂಡು ಹೋಗುತ್ತಿದ್ದ ಆ ಪದಕ, ಎಲ್ಲವೂ ಆ ತುಳಿತದಲ್ಲಿದ್ದವು. ನಾನು ಒಂದು ಪದವನ್ನು ಬದಲಾಯಿಸಿದ್ದರೆ ಸಾಕಿತ್ತು. ಬಾಯಿಂದ ಬಂದದ್ದು ಮಾತ್ರ: "ತಂಗಿ."

ಅಲ್ಲಿಗೂ ನಿಲ್ಲಿಸಲಿಲ್ಲ. ಹೇಳಿಕೆ ಕೊಟ್ಟ ಮೇಲೆ ಪ್ರಮಾಣ ಒದಗಿಸಬೇಕೆಂಬ ಅಭ್ಯಾಸ ಕೈಯನ್ನು ಜೇಬಿಗೆ ಒಯ್ದಿತು. ನಮ್ಮ ತಂದೆ ಮಕ್ಕಳು ಹುಟ್ಟಿದಾಗ ಕೊಟ್ಟಿಗೆಯ ಬಾಗಿಲಿನ ಒಳಮೈಗೆ ಇದ್ದಿಲಿನಿಂದ ವಾರ, ತಿಥಿ, ಸಂವತ್ಸರ ಬರೆದಿಡುತ್ತಿದ್ದರು. ಹಳೆಯ ಮನೆ ಬಿಚ್ಚಿದಾಗ ಆ ಬಾಗಿಲನ್ನು ನಾನು ರಾಮನಗರಕ್ಕೆ ತಂದು ಮಹಡಿಯ ಮೇಲೆ ಇರಿಸಿದ್ದೇನೆ. ವಾರಕ್ಕೂ ತಿಥಿಗೂ ತಾಳೆ ನೋಡಿದ್ದೇನೆ. ಇಬ್ಬರದೂ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತವೆ. ಅದರ ಚಿತ್ರವನ್ನು ಮೊಬೈಲಿನಲ್ಲಿ ತೆರೆದು ಯುವತಿಗೆ ತೋರಿಸಿದೆ.

ಅವಳು ಚಿತ್ರವನ್ನು ಹಿಗ್ಗಿಸಿ ನೋಡಿದಳು. "ಇದು ಏನ್ ಸಾರ್?"

"ನಮ್ಮ ಕೊಟ್ಟಿಗೆಯ ಬಾಗಿಲು."

"ಸೀಲ್ ಎಲ್ಲಿದೆ?"

"ಬಾಗಿಲಿಗೆ ಸೀಲು ಹಾಕುವ ಪದ್ಧತಿ ಇರಲಿಲ್ಲ."

"ಇಲ್ಲೊಂದು ರೌಂಡಾಗಿ ಬಿಳೀದು ಕಾಣ್ತಾ ಇದೆಯಲ್ಲ?"

"ಅದು ಸಂಡಿಗೆ." ನನ್ನ ಹೆಂಡತಿ ಬೇಸಿಗೆಯಲ್ಲಿ ಆ ಬಾಗಿಲನ್ನು ಬೇರೆ ಉಪಯೋಗಕ್ಕೆ ಹಾಸುತ್ತಾಳೆ.

ಯುವತಿ ಬುದ್ಧಿವಂತೆ. ಬಾಗಿಲನ್ನು ಇನ್ನಷ್ಟು ಮೇಲಕ್ಕೆ ಸರಿಸಿ ನನ್ನ ಜನನದ ಸಾಲನ್ನೂ ಓದಿದಳು, ಪಕ್ಕದಲ್ಲಿ ನಾನೇ ಪೆನ್ಸಿಲಿನಲ್ಲಿ ಬರೆದಿದ್ದ ಇಸವಿಯನ್ನೂ ಓದಿದಳು, ಬೆರಳು ಮಡಚಿ ಎಣಿಸಿದಳು.

"ಇದು ನಿಜ ಆದ್ರೆ ನಿಮಗೆ ಎಪ್ಪತ್ತೊಂದು ಆಯ್ತು ಸಾರ್. ರಿಟೈರ್ ಯಾವ ಡೇಟ್ ಮೇಲೆ ಆದ್ರಿ?"

ಕೆಂಪು ಟವಲಿನವರು ಸಾವಧಾನವಾಗಿ ಕೇಳಿದರು: "ಎರಡು ವರ್ಸ ಜಾಸ್ತಿ ಕುಂತಿದ್ರಾ ಮೇಷ್ಟ್ರೆ?"

ಎರಡು ವರ್ಷ ಎರಡು ತಿಂಗಳು. ಅಷ್ಟು ನಿಖರವಾಗಿ ತಿದ್ದುವ ಅವಶ್ಯಕತೆ ಆ ಕ್ಷಣ ನನಗೆ ಕಾಣಲಿಲ್ಲ. ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಬಾಗಿಲಿನ ಬರಹ ಇನ್ನೂ ಪರಿಶೀಲನೆಯ ಹಂತದಲ್ಲಿದೆ ಎಂದೆ. ನಲವತ್ತು ವರ್ಷಗಳಲ್ಲಿ ನಾನು ಹಿಂತೆಗೆದುಕೊಂಡ ಮೊದಲ ಕಾಲನಿರ್ಣಯ ಅದು.

"ನಮಗೆ ಕಾರ್ಡೇ ಅಜ್ಜಿ," ಎಂದು ಬೀಗಿತ್ತಿಗೆ ಹೇಳಿ ಯುವತಿ ತಂಗಿಯ ನಮೂನೆಗೆ ಮುದ್ರೆ ಒತ್ತಿದಳು. "ಬಾಗಿಲು ಗೀಗಿಲು ನಡೆಯಲ್ಲ. ಇವರಿಗೆ ಎಪ್ಪತ್ತು."

ಬೀಗಿತ್ತಿ ತಮ್ಮ ಕಾರ್ಡು ಕೊಟ್ಟರು. ಜೂನ್ ಒಂದು, ಎಪ್ಪತ್ತನಾಲ್ಕು. ಅವರ ನಿಜವಾದ ವಯಸ್ಸಿನ ಬಗ್ಗೆ ನನಗೆ ಒಂದು ಊಹೆ ಇದೆ. ಪ್ರಮಾಣವಿಲ್ಲದ ಕಾರಣ ಇಲ್ಲಿ ದಾಖಲಿಸುವುದಿಲ್ಲ.

ಮೈದಾನದೊಳಗೆ ನಡೆಯುವಾಗ ತಂಗಿ ನನ್ನ ಮುಖ ನೋಡದೆ ಹೇಳಿದಳು: "ನನ್ ವಿಷ್ಯಕ್ಕೆ ಮಾತ್ರ ನಿಂಗೆ ನಿಜ ನೆಪ್ಪಾಗ್ತೈತೆ ಕಣಣ್ಣ. ನಿಂದು ಕೇಳ್ದಾಗ ಫೋನು ಜೇಬಿಗೋಯ್ತು."

ನಡಿಗೆಯ ದೂರ ಮೈದಾನದ ಅರ್ಧ ಸುತ್ತು. ನಿಯಮ ಒಂದೇ: ಓಡಬಾರದು. ಒಂಬತ್ತು ಮಂದಿ ಮಹಿಳೆಯರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿಗಳನ್ನು ಗೆರೆಯ ಹಿಂದೆ ಜೋಡಿಸಿಟ್ಟು ನಿಂತರು. ಸೀಟಿ ಊದಿದ ಕೂಡಲೇ ನನ್ನ ತಂಗಿ ಹಸು ಬದನೆಗಿಡಕ್ಕೆ ಬಾಯಿ ಹಾಕಿದ್ದನ್ನು ಕಂಡವಳಂತೆ ಹೊರಟಳು. ಮೊದಲ ತಿರುವಿನಲ್ಲಿ ಅವಳೇ ಮುಂದು. ಎಡಗೈ ಮೇಲೆತ್ತಿ ಇಲ್ಲದ ಹೊರೆಯನ್ನು ಹಿಡಿದುಕೊಂಡಿದ್ದಳು, ಬಲಗೈ ಬೀಸುತ್ತಿತ್ತು. ಬೀಗಿತ್ತಿ ಅವಳ ಹಿಂದೆ ನಾಲ್ಕು ಹೆಜ್ಜೆ. ಉಳಿದವರು ಮಾತಾಡುತ್ತ ಬರುತ್ತಿದ್ದರು. ಕಲ್ಲುಗಳ ಮುಂದೆ ಕುಳಿತು ಜೀವ ಸವೆಸಿದ ನಾನು, ನನಗೇ ತಿಳಿಯದಂತೆ ಅಂಚಿಗೆ ಕಟ್ಟಿದ್ದ ಹಗ್ಗದ ಮೇಲೆ ಬಗ್ಗಿ "ನಡಿ, ನಡಿ" ಎನ್ನುತ್ತಿದ್ದೆ.

ಗೆರೆಗೆ ಹತ್ತು ಮಾರು ಇರುವಾಗ ತಂಗಿ ಒಂದು ತಪ್ಪು ಮಾಡಿದಳು. ಗೆದ್ದ ಮೇಲೆ ಹೇಳಬೇಕಾದ ಮಾತನ್ನು ಗೆಲ್ಲುವ ಮೊದಲೇ ಹೇಳಲು ಹಿಂದಕ್ಕೆ ತಿರುಗಿದಳು.

"ನಿಧಾನಕ್ ಬನ್ನಿ ಬೀಗ್ರೆ. ಅರ್ಜೆಂಟೇನಿಲ್ಲ. ನಾನು ಕಾಫಿ ಕಾಯಿಸಿಟ್ಟಿರ್ತೀನಿ."

ಬೀಗಿತ್ತಿ ಉಸಿರನ್ನು ಉಳಿಸಿಕೊಂಡರು. ತಂಗಿ ಮುಂದಕ್ಕೆ ತಿರುಗುವಷ್ಟರಲ್ಲಿ ಅವರ ಬೆನ್ನು ಅವಳ ಎದುರಿಗಿತ್ತು. ಒಂದು ಮೊಳದ ಅಂತರದಲ್ಲಿ ತಂಗಿ ಎರಡನೆಯವಳಾದಳು.

ನಾನು ಅಂದುಕೊಂಡದ್ದು, ಇಲ್ಲಿಗೆ ವಯಸ್ಸಿನ ವಿಚಾರ ಮುಗಿಯಿತೆಂದು. ಇಲ್ಲಿಂದಲೇ ಅದು ಸರಿಯಾಗಿ ಶುರುವಾಯಿತು. ಪದಕ ಹಾಕಿಸಿಕೊಂಡ ಬೀಗಿತ್ತಿ ನೇರವಾಗಿ ನನ್ನ ಬಳಿಗೆ ಬಂದರು.

"ಮೇಷ್ಟ್ರೆ, ಆ ಬಾಗ್ಲು ಫೋಟೋ ನನ್ ಮಗನ ಫೋನಿಗೆ ಒಸಿ ಕಳ್ಸಿಕೊಡಿ."

"ಈಗೇಕೆ? ನೀವು ಗೆದ್ದಾಯಿತಲ್ಲ."

"ಅದುಕ್ಕೇಯಾ. ಎಪ್ಪತ್ತು ತುಂಬ್ದೋಳ್ನ ಸೋಲಿಸೋದು ಏನು ದೊಡ್ದು? ಇನ್ನೂ ಅರವತ್ತೊಂಬತ್ತರ ಗಟ್ಟಿ ಹೆಂಗ್ಸನ್ನ ಎಪ್ಪತ್ನಾಕರೋಳು ಸೋಲಿಸ್ದೆ ಅಂದ್ರೆ ಅದುಕ್ಕೊಂದು ಪುರಾವೆ ಬೇಕಾಗ್ತದೆ. ಕಲ್ಯದೋರು ಸುಮ್ಕೆ ನಂಬಾಕಿಲ್ಲ."

ತಂಗಿ ಅಲ್ಲಿಯೇ ಇದ್ದಳು. "ಯಾರು ಅರವತ್ತೊಂಬತ್ತು? ಕಾರ್ಡ್ ನೋಡ್ಕಳಿ."

"ಕಾರ್ಡ್ ಯಾಕವ್ವ, ನಿಮ್ಮಣ್ಣ ಎಲ್ರೆದುರ್ಗೇ ಯೋಳವ್ರೆ."

ಅಂದು ಕೈಲಾಂಚದ ಬಸ್ಸು ಹತ್ತುವಾಗ ತಂಗಿ ನನಗೆ ಬತ್ತೀನಿ ಎಂದು ಹೇಳಲಿಲ್ಲ. ಕಂಡಕ್ಟರಿಗೆ ಕಾರ್ಡು ತೋರಿಸಿ ಉಚಿತ ಟಿಕೆಟು ಪಡೆಯುವಾಗ ಮಾತ್ರ, ಕಿಟಕಿಯಿಂದ ನನಗೆ ಕೇಳುವಷ್ಟು ಜೋರಾಗಿ, "ಎಪ್ಪತ್ತಾಗೈತೆ ನಂಗೆ" ಎಂದಳು. ಕಂಡಕ್ಟರು ವಯಸ್ಸು ಕೇಳಿರಲಿಲ್ಲ.

ಆಮೇಲಿನ ಮೂರು ತಿಂಗಳು ನನಗೆ ಎರಡು ಬಗೆಯ ಫೋನುಗಳು ಬಂದವು. ಬೀಗಿತ್ತಿಗೆ, ನಾನು ಕಳಿಸದೆ ಉಳಿಸಿಕೊಂಡ ಆ ಚಿತ್ರವೂ ಸಾಲದಾಗಿ, ನನ್ನ ಹೆಸರಿನ ಕಾಗದದ ಮೇಲೆ, ಇಂಥವಳಿಗೆ ಸ್ಪರ್ಧೆಯ ದಿನ ಇಷ್ಟೇ ವಯಸ್ಸು ಎಂದು ಬರೆದುಕೊಡಬೇಕಾಗಿತ್ತು. ಕಟ್ಟು ಹಾಕಿಸಿ ಪದಕದ ಪಕ್ಕದಲ್ಲಿ ನೇತುಹಾಕುವ ಆಲೋಚನೆ. ತಂಗಿಯ ಬೇಡಿಕೆ ಇನ್ನೂ ಅಪಾಯಕಾರಿ.

"ನಿಂಗೆ ಎಪ್ಪತ್ತೊಂದು ಅನ್ನೋದು ನಿಜ ತಾನೆ?" ಎಂದು ಕೇಳಿದಳು.

"ನಿಜ."

"ಕಾರ್ಡ್‌ನಾಗೆ ನಾನು ನಿಂಗಿಂತ ಒಂದು ವರ್ಸ ದೊಡ್ಡೋಳು ತಾನೆ?"

"ಕಾರ್ಡಿನಲ್ಲಿ ಹೌದು."

"ಅಂಗಾರೆ ನಂಗೆ ಎಪ್ಪತ್ತೆರಡು. ಬರ್ಕೊಡು."

ಒಂದು ಆಕರದಿಂದ ಒಂದು ಅಂಶವನ್ನು, ಅದಕ್ಕೆ ವಿರುದ್ಧವಾದ ಇನ್ನೊಂದು ಆಕರದಿಂದ ಮತ್ತೊಂದು ಅಂಶವನ್ನು ತೆಗೆದು ಕೂಡಿಸಬಾರದೆಂದು ನಾನು ಬಹಳ ಹೊತ್ತು ವಿವರಿಸಿದೆ. ಈ ವಿಧಾನದಿಂದ ನನ್ನ ಕ್ಷೇತ್ರದಲ್ಲಿ ಹಿಂದೆ ಎಂತೆಂಥ ಅನಾಹುತಗಳಾಗಿವೆ ಎಂದೂ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಎಪ್ಪತ್ತೆರಡರೋಳು ಒಂದು ಮೊಳದಾಗೆ ಸೋತ್ರೆ ನಾಚ್ಕೆ ಇಲ್ಲ. ಅಷ್ಟೇ ನಂಗೆ ಬೇಕಾಗಿರೋದು," ಎಂದು ಫೋನಿಟ್ಟಳು. ನಾನು ಇಬ್ಬರಿಗೂ ಏನನ್ನೂ ಬರೆದುಕೊಡಲಿಲ್ಲ. ತಂಗಿ ಆಮೇಲೆ ಫೋನು ಮಾಡುವುದನ್ನೇ ಬಿಟ್ಟಳು. ಅಣ್ಣ ಎಂಬ ಪದ ನಮ್ಮ ಮನೆಯಲ್ಲಿ ಕೇಳಿಸದೆ ಹೋಯಿತು. ಹೆಂಡತಿಯ ಮೂಲಕ ಸುದ್ದಿ ಬರುತ್ತಿತ್ತು, 'ನಿಮ್ಮನೆಯೋರು' ಎಂಬ ಕರ್ತೃಪದದೊಡನೆ.

ಅವರೆಕಾಯಿಯ ಕಾಲದಲ್ಲಿ ಮೊಮ್ಮಗಳ ಹುಟ್ಟುಹಬ್ಬ ಬಂತು. ಹೋಗದಿರಲು ಆಗಲಿಲ್ಲ. ಕೈಲಾಂಚದ ಮನೆಯ ನಡುಮನೆಯಲ್ಲಿ ಪಂಕ್ತಿ ಹಾಕಿದ್ದರು: ರಾಗಿಮುದ್ದೆ, ಹಿದುಕಿದ ಬೇಳೆ ಸಾರು. ಬೀಗಿತ್ತಿ ನನ್ನ ಎದುರಿಗೆ ಕುಳಿತರು, ಕಲ್ಯದಿಂದ ಅವರ ಜೊತೆಗೆ ಬಂದ ನೆಂಟರು ಅವರ ಎರಡೂ ಕಡೆ. ಮಗುವಿನ ಕೊರಳಲ್ಲಿ ಈಗ ಎರಡು ಪದಕಗಳಿದ್ದವು. ತಂಗಿ ಸಾರಿನ ಪಾತ್ರೆ ಹಿಡಿದು ಬಡಿಸುತ್ತ ಬರುತ್ತಿದ್ದಳು. ಎಲ್ಲರಿಗೂ ಎರಡು ಸೌಟು ಹಾಕಿದವಳು ನನಗೆ ಒಂದು ಹಾಕಿ ಮುಂದೆ ಹೋದಳು.

ಬೀಗಿತ್ತಿ ಮುದ್ದೆ ಮುರಿಯುತ್ತ ನೆಂಟರಿಗೆ ಓಟದ ಕಥೆಯನ್ನು ಮೊದಲಿನಿಂದ ಹೇಳಿದರು; ಅವರ ಬಾಯಲ್ಲಿ ಅದು ಓಟವಾಗಿತ್ತು, ದೂರ ಎರಡು ಸುತ್ತಾಗಿತ್ತು. ಕೊನೆಯಲ್ಲಿ ನನ್ನ ಕಡೆ ಕೈ ತೋರಿದರು.

"ನಾನ್ ಯೋಳಿದ್ರೆ ನೀವು ನಂಬಾಕಿಲ್ಲ. ದೊಡ್ಡೋರು ಇಲ್ಲೇ ಕುಂತವ್ರೆ. ಮೇಷ್ಟ್ರೆ, ಈಯಮ್ಮ ನಿಮ್ಗೆ ಏನಾಗ್ಬೇಕು, ನೀವೇ ಯೋಳ್ಬುಡಿ."

ಕಲ್ಯದ ನೆಂಟರೆಲ್ಲ ನನ್ನನ್ನು ನೋಡಿದರು. ಪಂಕ್ತಿಯ ಕೊನೆಯಲ್ಲಿ ತಂಗಿ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ನಿಂತಳು. ಬೆನ್ನು ನನ್ನ ಕಡೆಗಿತ್ತು, ತಿರುಗಲಿಲ್ಲ. ವಾರ ಗೊತ್ತು, ತಿಥಿ ಗೊತ್ತು, ಸಂವತ್ಸರ ಗೊತ್ತು. ಎಲ್ಲವೂ ಒಂದಕ್ಕೊಂದು ಹೊಂದುತ್ತಿದ್ದವು.

ನಾನು ತಟ್ಟೆಯನ್ನು ಮುಂದಕ್ಕೆ ಚಾಚಿ ಕರೆದೆ: "ಅಕ್ಕಾ, ಇನ್ನೊಂದು ಸೌಟು ಸಾರು ಹಾಕು."

ಬೀಗಿತ್ತಿಯ ತುತ್ತು ಕೈಯಲ್ಲೇ ಉಳಿಯಿತು. "ಏನಂದ್ರಿ?"

ನಾನು ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ. ತಂಗಿ ಅಷ್ಟು ದೂರದಿಂದ ಮೈದಾನದಲ್ಲಿ ನಡೆದದ್ದಕ್ಕಿಂತ ವೇಗವಾಗಿ ಬಂದು, ಒಂದಲ್ಲ ಮೂರು ಸೌಟು ಸುರಿದು, ತಟ್ಟೆಯ ಅಂಚು ಮೀರಿ ಸಾರು ನೆಲಕ್ಕೆ ಹರಿಯುತ್ತಿದ್ದರೂ ಅದನ್ನು ಲೆಕ್ಕಿಸದೆ, ಕಲ್ಯದವರೆಲ್ಲರಿಗೂ ಕೇಳುವಂತೆ ಹೇಳಿದಳು:

"ಉಣ್ಣು ತಮ್ಮ, ನಾಚ್ಕಬ್ಯಾಡ. ಬೆಳ್ಯೋ ವಯ್ಸು."